ಮಂಗಳವಾರ ಪಹಿಂಗ್‌ನ ಸಹಿ

“ಕನ್ನಡಕ ಗಾಡೀಲೇ ಬಿಟ್ಟು ಬಂದೆ ಕಣೇ. ನೀನೇ ಓದು,” ಎಂದು ಪೆಚೆಲ್ ಎಂಬ ಸೊಪ್ಪಿನ ತಿಂಡಿ ಮಾರುವ ಬೂ ಯಾತ್ಮಿ ಕಡತವನ್ನು ಮುರ್ತಿನಿಯ ಕೈಗೆ ತುರುಕಿದಳು.

ಮುರ್ತಿನಿ ಚಹಾದ ತಟ್ಟೆಯನ್ನು ನೆಲದ ಮೇಲಿಟ್ಟಳು. ಒಂದು ಲೋಟವೂ ಸದ್ದು ಮಾಡಲಿಲ್ಲ. ಸದ್ದು ಮಾಡದೆ ಇರುವುದನ್ನು ಅವಳು ಎರಡು ವರ್ಷದಿಂದ ಅಭ್ಯಾಸ ಮಾಡಿಕೊಂಡಿದ್ದಳು.

ಹನ್ನೊಂದು ವರ್ಷದ ಹಿಂದೆ ಅವಳ ಅಪ್ಪ ಸಾಕಿರನ್‌ನ ಹೆಣ ಮೊಣಕಾಲುದ್ದ ನೀರಿನ ಕಾಲುವೆಯಲ್ಲಿ ಸಿಕ್ಕಿತ್ತು. ಸಾಯುವ ಮೂರು ದಿನ ಮೊದಲೇ ಅವನು ಗದ್ದೆಯನ್ನು ಹರ್ಯಾದಿಗೆ ಮಾರಿದ್ದನೆಂದು ಹೇಳುವ ಕಾಗದವನ್ನು ಕಣ್ಣಾರೆ ನೋಡಲೆಂದೇ ಅವಳು ಮದಿಯುನ್‌ನ ಈ ಬಡಾವಣೆಯ ಗೇಟಿನ ಪಕ್ಕ ಬಟ್ಟೆ ಇಸ್ತ್ರಿ ಮಾಡಿಕೊಂಡಿದ್ದಳು.

ಆ ಕಾಗದ ಈಗ ತಾನಾಗಿ ಅವಳ ಕೈಗೆ ಬಂದಿತ್ತು.

“ನೋಡಿ, ಮುಟ್ಟಿ, ಬೇಕಾದ್ರೆ ಮೂಸಿ ನೋಡಿ!” ಪಾಕ್ ಹರ್ಯಾದಿ ತನ್ನ ಮನೆಯ ಜಗಲಿಯ ಮೇಲೆ ಮೈಕಿನ ಮುಂದೆ ನಿಂತು ಎರಡೂ ಕೈ ಚಾಚಿದ. ಗ್ರಿಯಾ ಮೆಲಾತಿ ಬಡಾವಣೆ ಕಟ್ಟಿಸಿದವನೂ ಅವನೇ, ಓಣಿಯ ಮುಖಂಡನಾಗಿ ಆರಿಸಿ ಬಂದವನೂ ಅವನೇ. ಇಲ್ಲಿ ಹಿರಿಯ ಗಂಡಸರೆಲ್ಲ ‘ಪಾಕ್’, ಹೆಂಗಸರೆಲ್ಲ ‘ಬೂ’. “ನನ್ನ ಕಾಗದಪತ್ರಕ್ಕೆ ಮುಸುಕಿಲ್ಲ. ಮೊದಲನೇ ಹಂತದಲ್ಲಿ ಮನೆ ತಗೊಂಡೋರು ಇಲ್ಲೇ ಕೂತಿದ್ದೀರಿ. ಯಾರಿಗಾದ್ರೂ ಮೋಸ ಆಗಿದ್ಯಾ? ಹೇಳಿ!”

ಎಲ್ಲರ ಕಣ್ಣೂ ಕಾಂಪೌಂಡಿನ ಆಚೆಗಿತ್ತು. ಅಲ್ಲಿ ಸಾಕಿರನ್‌ನ ಗದ್ದೆ ಹನ್ನೊಂದು ವರ್ಷದಿಂದ ಹುಲ್ಲು ಬೆಳೆದು ಬಿದ್ದಿತ್ತು. ಈಗ ಅದರ ತುಂಬ ಕೆಂಪು ತುದಿಯ ಬಿದಿರು ಗೂಟಗಳು. ಹದಿನೆಂಟು ನಿವೇಶನ.

“ಆಚೆ ಕಡೆ ಹೊಸ ಕಾಲೇಜು ಏಳ್ತಾ ಇದೆ. ಹತ್ತತ್ತು ಕೋಣೆ ಹಾಕ್ಸಿ, ಹುಡುಗ್ರಿಗೆ ಬಾಡಿಗೆ ಕೊಡಿ. ಕಾಲು ಚಾಚ್ಕೊಂಡು ಮಲಗಿ. ನೀವು ಮಲಗಿದ್ರೂ ಬಾಡಿಗೆ ಮಲಗಲ್ಲ!”

“ಬಾಡಿಗೆ ಕೊಡೋ ದಿನ ಹುಡುಗ್ರು ಮಲಗ್ತಾರೆ ಪಾಕ್,” ಎಂದರು ಯಾರೋ. ಜಗಲಿ ನಕ್ಕಿತು.

“ಎಬ್ಬಿಸೋಕೆ ಬೂ ಯಾತ್ಮಿ ಇದ್ದಾರಲ್ಲ. ಅವರ ಪೆಚೆಲ್ ಖಾರಕ್ಕೆ ಸತ್ತೋರೂ ಎದ್ದು ಕೂತ್ಕೊಳ್ತಾರೆ,” ಎಂದ ಹರ್ಯಾದಿ. ಬೂ ಯಾತ್ಮಿ ನಾಚಿಕೊಂಡು ಬಾಯಿಗೆ ಸೆರಗಿನಂತೆ ತಲೆವಸ್ತ್ರದ ಅಂಚು ಹಿಡಿದಳು. ಇಪ್ಪತ್ತು ವರ್ಷ ಸೊಪ್ಪು ಬೇಯಿಸಿ, ಶೇಂಗಾ ಅರೆದು ಕೂಡಿಟ್ಟದ್ದನ್ನೆಲ್ಲ ಅವಳು ಏಳನೇ ನಂಬರಿನ ಗೂಟಕ್ಕೆ ಕಟ್ಟುವವಳಿದ್ದಳು.

ಸತ್ತೋರೂ ಎದ್ದು ಕೂತ್ಕೊಳ್ತಾರೆ. ಮುರ್ತಿನಿ ಆ ಮಾತನ್ನು ಮನಸ್ಸಿನಲ್ಲಿ ಒಂದು ಸಲ ಮಡಿಸಿ ಇಟ್ಟುಕೊಂಡಳು. ಈ ಮನುಷ್ಯನ ಕತ್ತಿನ ಅಳತೆ ಅವಳಿಗೆ ಗೊತ್ತು. ಅವನ ಹದಿನಾಲ್ಕು ಅಂಗಿಗಳ ಕಾಲರನ್ನು ವಾರವಾರವೂ ಅವಳೇ ಕಾದ ಇಸ್ತ್ರಿಯಡಿ ಒತ್ತುತ್ತಿದ್ದಳು. ಪ್ರತಿ ಸಲವೂ ಕಾಲರಿನ ಒಳಗೆ ಕತ್ತು ಇದೆಯೆಂದು ಅಂದುಕೊಂಡೇ ಒತ್ತುತ್ತಿದ್ದಳು.

“ಓದೇ,” ಬೂ ಯಾತ್ಮಿ ಮೊಣಕೈಯಿಂದ ತಿವಿದಳು. “ಸಂಜೆ ನಾಲ್ಕಕ್ಕೆ ಸಹಿ. ಏನಿದೆ ಅಂತ ಗೊತ್ತಾಗ್ಲಿ.”

ಮುರ್ತಿನಿ ಓದತೊಡಗಿದಳು. “ಸಾಕಿರನ್ ಎಂಬ ನಾನು... ನನ್ನ ಸ್ವಂತ ಇಚ್ಛೆಯಿಂದ... ತಾರೀಖು ಹದಿನೇಳು, ಮಂಗಳವಾರ...”

ಅಲ್ಲಿಗೆ ನಿಂತಳು.

“ಏನಮ್ಮಾ ಲಾಂಡ್ರಿ ಹುಡುಗಿ,” ಹರ್ಯಾದಿ ಕೆಳಗಿಳಿದು ಬಂದ. “ಅಕ್ಷರ ಬರುತ್ತೋ, ಬರೋ ಹಾಗೆ ನಟಿಸ್ತೀಯೋ?”

“ಶಾಲೆ ಅರ್ಧಕ್ಕೇ ಬಿಟ್ಟೆ ಪಾಕ್.”

“ಕೇಳಿದ್ರೆ ಗೊತ್ತಾಗುತ್ತೆ ಬಿಡು. ಬಟ್ಟೆ ಮಡಿಸೋದು ಚೆನ್ನಾಗಿ ಬರುತ್ತಲ್ಲ, ಅಷ್ಟು ಸಾಕು ನಿನಗೆ.” ಅವನು ಅವಳ ಕೈಯಿಂದ ಕಡತ ತೆಗೆದುಕೊಂಡ. ಜನ ನಕ್ಕರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಇಲ್ಲಿ ಎಲ್ಲರೂ ಎಲ್ಲದಕ್ಕೂ ನಗುತ್ತಿದ್ದರು.

ಸಹಿಯನ್ನು ನೋಡಲು ಅವಳಿಗೆ ಅರೆಕ್ಷಣ ಸಿಕ್ಕಿತು, ಅಷ್ಟೆ. ಜೆರಾಕ್ಸಿನಲ್ಲಿ ಅದು ಬರಿಯ ಕಪ್ಪು ಗುಡ್ಡೆಯಾಗಿತ್ತು. ಅದರ ಕೆಳಗೆ ಸ್ಪಷ್ಟವಾಗಿದ್ದದ್ದು ಎರಡೇ ಸಾಲು: ‘ವಾರಸುದಾರರು ಇಲ್ಲ’, ಮತ್ತು ‘ಬರೆದವರು, ಹಳ್ಳಿಯ ಗುಮಾಸ್ತ ದಾರ್ಮಾಜಿ’.

“ಇನ್ನೊಂದು ಮಾತು,” ಹರ್ಯಾದಿ ಮತ್ತೆ ಜಗಲಿ ಹತ್ತಿದ. “ಇವತ್ತೇ ಯಾಕೆ ಸಹಿ ಅಂತ ಕೆಲವರು ಕೇಳಿದ್ರಿ. ಇವತ್ತು ಶನಿವಾರ ಕ್ಲಿವೊನ್. ನನ್ನ ಜನ್ಮವಾರದ ಸಂಖ್ಯೆಗೆ ಕೂಡಿಸಿ ಹಿರಿಯರ ಹತ್ರ ನೋಡಿಸಿದ್ದೀನಿ. ಇಂಥ ದಿನ ಹೋದ್ರೆ ಮತ್ತೆ ಮೂವತ್ತೈದು ದಿನ ಕಾಯ್ಬೇಕು. ನಾನು ಅಡಿಪಾಯಕ್ಕೆ ಒಂದು ಕಲ್ಲು ಇಟ್ರೂ ದಿನ ನೋಡ್ದೆ ಇಟ್ಟೋನಲ್ಲ.”

ಹಿರಿಯರು ತಲೆದೂಗಿದರು. ಏಳು ವಾರ, ಕ್ಲಿವೊನ್, ಪಹಿಂಗ್‌ನಂಥ ಐದು ಸಂತೆದಿನ. ಎರಡನ್ನೂ ಕೂಡಿಸಿ ನೋಡದೆ ಮದುವೆಯಿಲ್ಲ, ಮನೆಯಿಲ್ಲ, ಬಿತ್ತನೆಯಿಲ್ಲ. ಮದಿಯುನ್‌ನಲ್ಲಿ ಹುಟ್ಟಿದ ಮಗುವಿಗೂ ಅದು ಬೆರಳ ತುದಿಯ ಲೆಕ್ಕ.

ಮುರ್ತಿನಿ ತಟ್ಟೆಯನ್ನು ಮತ್ತೆ ಎತ್ತಿಕೊಂಡು, ಅದರಡಿಯಲ್ಲಿ ಬೆರಳ ಗೆಣ್ಣುಗಳನ್ನು ಎಣಿಸಿದಳು. ಅಪ್ಪ ಸತ್ತದ್ದು ಇಪ್ಪತ್ತನೇ ತಾರೀಖು, ಶುಕ್ರವಾರ ಕ್ಲಿವೊನ್. ಹಿಂದಕ್ಕೆ ಹೋದರೆ ಗುರುವಾರ ವಾಗೆ. ಬುಧವಾರ ಪೊನ್. ಮಂಗಳವಾರ...

ಮಂಗಳವಾರ ಪಹಿಂಗ್.

ಅವಳ ಅಜ್ಜಿ ತೀರಿಕೊಂಡ ದಿನ.

ತಾಯಿ ಹೋದ ದಿನ ಮರಳಿ ಬಂದಾಗಲೆಲ್ಲ ಅಪ್ಪ ಒಂದು ಕೆಲಸವನ್ನೂ ಶುರು ಮಾಡುತ್ತಿರಲಿಲ್ಲ. ಬೀಜ ಮಣ್ಣಿಗೆ ಹಾಕುತ್ತಿರಲಿಲ್ಲ. ಉಗುರು ಕತ್ತರಿಸುತ್ತಿರಲಿಲ್ಲ. ಒಮ್ಮೆ ಕೊಂಡುಕೊಳ್ಳುವವನು ಆಡಿಗೆ ಎರಡು ಪಟ್ಟು ಬೆಲೆ ಹೇಳಿ ಬಾಗಿಲಲ್ಲಿ ನಿಂತಿದ್ದ. ಅಪ್ಪ ಎದ್ದೂ ನೋಡಲಿಲ್ಲ. “ನಾಳೆ ಬಾರಪ್ಪ. ಇವತ್ತು ನನ್ನವ್ವ ಹೋದ ದಿನ,” ಎಂದಿದ್ದ. ಮಾರನೆಯ ದಿನ ಆ ಮನುಷ್ಯ ಬರಲಿಲ್ಲ. ಅಪ್ಪ ಅದಕ್ಕಾಗಿ ಒಂದು ದಿನವೂ ಗೊಣಗಲಿಲ್ಲ.

ಅಂಥ ದಿನ ಒಂದು ಆಡನ್ನು ಮಾರದವನು ಗದ್ದೆ ಮಾರಿದನೇ?

ಹರ್ಯಾದಿ ತನ್ನ ದಿನಗಳನ್ನು ಒಂದೂ ಬಿಡದೆ ಎಣಿಸಿಕೊಂಡಿದ್ದ. ಸತ್ತ ರೈತನಿಗೂ ಒಬ್ಬ ತಾಯಿ ಇದ್ದಳು, ಅವಳೂ ಯಾವುದೋ ಒಂದು ದಿನ ಸತ್ತಿರಬೇಕು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಮುರ್ತಿನಿ ಖಾಲಿ ಲೋಟಗಳನ್ನು ಎತ್ತಿಕೊಂಡಳು. ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ನಾಲ್ಕು ಗಂಟೆಗೆ ಹದಿನೆಂಟು ಮನೆಯವರು ಸಹಿ ಹಾಕಿದರೆ ಅಪ್ಪನ ಗದ್ದೆ ಹದಿನೆಂಟು ಚೂರಾಗುತ್ತದೆ. ಆಮೇಲೆ ಅವಳು ಹೋರಾಡಬೇಕಾದದ್ದು ಹರ್ಯಾದಿಯೊಡನೆ ಅಲ್ಲ, ಬೂ ಯಾತ್ಮಿಯಂಥ ಹದಿನೆಂಟು ಜನರೊಡನೆ. ಹರ್ಯಾದಿ ಆಗ ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತಾನೆ.

ಅವನನ್ನು ಮುಗಿಸುವುದಿದ್ದರೆ ಈ ಜಗಲಿಯಲ್ಲೇ, ಇವರೆಲ್ಲರ ಎದುರಿಗೇ, ನಾಲ್ಕು ಗಂಟೆಯ ಒಳಗೇ ಮುಗಿಸಬೇಕು.

* * *

ಲಾಂಡ್ರಿಯಲ್ಲಿ ಬೂ ವಿನಾರ್ಸಿ ತಕ್ಕಡಿಗೆ ಬಟ್ಟೆಯ ಗಂಟು ಹಾಕುತ್ತಿದ್ದಳು. ಮುರ್ತಿನಿ ಓದುತ್ತಿದ್ದ ಕಾಲಕ್ಕೆ ಅವಳು ಅದೇ ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಆಮೇಲೆ ಅದನ್ನು ಬಿಟ್ಟು ಇಲ್ಲಿ ಅಂಗಡಿ ತೆರೆದಳು. ಎರಡು ವರ್ಷದ ಕೆಳಗೆ ಮುರ್ತಿನಿ ಬಂದು ನಿಂತಾಗ ಒಂದು ಪ್ರಶ್ನೆಯನ್ನೂ ಕೇಳದೆ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟಿದ್ದಳು. ಓಣಿಗೆಲ್ಲ “ನಮ್ಮಕ್ಕನ ಮಗಳು, ಪೊನೊರೊಗೊದಿಂದ ಬಂದಿದ್ದಾಳೆ” ಎಂದು ಹೇಳಿದ್ದಳು. ಮುರ್ತಿನಿ ನಿಜವಾಗಿ ಯಾರ ಮಗಳೆಂದು ಇಡೀ ಗ್ರಿಯಾ ಮೆಲಾತಿಯಲ್ಲಿ ಬಲ್ಲವಳು ಅವಳೊಬ್ಬಳೇ.

“ಯಾಕೆ ಮುಖ ಹೀಗಿದೆ?” ಬೂ ವಿನಾರ್ಸಿ ತಲೆಯೆತ್ತಿದಳು. “ಆ ಸಭೆಗೆ ಹೋಗ್ಬೇಡ ಅಂತ ಬಡ್ಕೊಂಡೆ. ಚಹಾ ಕೊಡೋಕೆ ನೀನೇ ಆಗ್ಬೇಕಿತ್ತಾ?”

“ಅವರ ಹೆಂಡ್ತಿ ಕರೆದ್ರು ಬೂ.”

“ಕರೀತಾಳೆ. ಬಿಟ್ಟಿ ಕೈ ಸಿಕ್ರೆ ಯಾರು ಬಿಡ್ತಾರೆ? ಅನ್ನ ಹಾಕ್ಕೊಂಡು ತಿನ್ನು, ಒಲೆ ಪಕ್ಕ ಕರಿದ ತೆಂಪೆ ಇದೆ.”

“ದಾರ್ಮಾಜಿ ಅಜ್ಜನ ಬಟ್ಟೆ ಕೊಟ್ಟು ಬಂದುಬಿಡ್ತೀನಿ.”

“ಸಂಜೆ ಕೊಟ್ರಾಯ್ತು ಬಿಡೇ.”

“ಸಂಜೆ ಸಾಕ್ಷಿಗೆ ಅವರೂ ಬರ್ಬೇಕಂತೆ. ಬಿಳಿ ಅಂಗಿ ಬೇಕು ಅಂದಿದ್ರು.”

ಮೊದಲ ಬಾರಿಗೆ ಅವಳು ಬೂ ವಿನಾರ್ಸಿಗೆ ಸುಳ್ಳು ಹೇಳಿದ್ದಳು. ಕೆನ್ನೆ ಸುಟ್ಟಿತು. ಬೂ ವಿನಾರ್ಸಿ ತಕ್ಕಡಿಯ ಮುಳ್ಳನ್ನೇ ನೋಡುತ್ತ, “ಬೇಗ ಬಾ,” ಎಂದಳು.

ದಾರ್ಮಾಜಿಯ ಬಟ್ಟೆಯ ಗಂಟು ಚಿಕ್ಕದು: ಎರಡು ಅಂಗಿ, ಒಂದು ಬಿಳಿ ಲುಂಗಿ. ಆ ಲುಂಗಿಯ ಗುಟ್ಟು ಮುರ್ತಿನಿಗೆ ಒಂದು ವರ್ಷದಿಂದ ಗೊತ್ತಿತ್ತು. ಪ್ರತಿ ಶನಿವಾರ ಬೆಳಿಗ್ಗೆ ಅದು ತೊಳೆಯಲು ಬರುವಾಗ ಮಂಡಿಯ ಹತ್ತಿರ ಮಣ್ಣು ಮೆತ್ತಿರುತ್ತಿತ್ತು. ಮಡಿಕೆ ಬಿಚ್ಚಿದರೆ ಬಾಡಿದ ಗುಲಾಬಿ ಎಸಳು. ಶುಕ್ರವಾರ ಗೋರಿಗೆ ಹೂ ಚೆಲ್ಲಿ ಬಂದವರ ಬಟ್ಟೆ ಹಾಗಿರುತ್ತದೆ. ಅದರಲ್ಲಿ ವಿಶೇಷವೇನಿಲ್ಲ.

ವಿಶೇಷವಿದ್ದದ್ದು ಮಣ್ಣಿನ ಬಣ್ಣದಲ್ಲಿ. ಊರ ಸ್ಮಶಾನದ ನೆಲವೆಲ್ಲ ಕಪ್ಪು. ಪೂರ್ವದ ಮೂಲೆಯಲ್ಲಿ ಮಾತ್ರ, ಕಾಲುವೆ ತೋಡಿದಾಗ ಸುರಿದ ಕೆಂಪು ಮಣ್ಣಿದೆ. ಅಲ್ಲಿ ಇರುವುದು ನಾಲ್ಕೇ ಗೋರಿ. ಮೂರು ಹಸುಗೂಸುಗಳದು. ನಾಲ್ಕನೆಯದು ಅಪ್ಪನದು.

ದಾರ್ಮಾಜಿಯ ಜನರೆಲ್ಲ ಙಾವಿ ಕಡೆಯವರು. ಈ ಸ್ಮಶಾನದಲ್ಲಿ ಅವನವರು ಒಬ್ಬರೂ ಇಲ್ಲ.

ಇಷ್ಟು ದಿನ ಅವಳು ಕಾದಿದ್ದಳು. ಮಣ್ಣೊಂದನ್ನೇ ಹಿಡಿದುಕೊಂಡು ಹೋದರೆ ಮುದುಕ ನಕ್ಕು ಕಳಿಸಿಬಿಡುತ್ತಿದ್ದ. ಈಗ ಅವಳ ಬಳಿ ಒಂದು ತಾರೀಖು ಇತ್ತು.

* * *

ಸಿ ಸಾಲಿನ ಮೂಲೆಮನೆ ದಾರ್ಮಾಜಿಯದು. ಎರಡು ಕಡೆಯಿಂದ ಗಾಳಿ, ಮುಂದೆ ಮಾವಿನ ಗಿಡ. ಬಡಾವಣೆಯಲ್ಲಿ ಆ ಮನೆಗೆ ಎಲ್ಲರೂ ಆಸೆಪಟ್ಟಿದ್ದರು. ಹರ್ಯಾದಿ ಅದನ್ನು ಒಬ್ಬ ನಿವೃತ್ತ ಗುಮಾಸ್ತನಿಗೆ ಬಿಟ್ಟಿಯಾಗಿ ಕೊಟ್ಟಾಗ, ಎಂಥ ದೊಡ್ಡ ಮನಸ್ಸು ಎಂದು ಓಣಿ ಕೊಂಡಾಡಿತ್ತು.

ಮುದುಕ ನಡುಮನೆಯಲ್ಲಿ ಪಾರಿವಾಳದ ಪಂಜರದ ಕೆಳಗೆ ನಿಂತು ನವಣೆ ತುಂಬುತ್ತಿದ್ದ.

“ಇಟ್ಟು ಹೋಗು ಮಗಾ. ದುಡ್ಡು ವಿನಾರ್ಸಿ ಹತ್ರ ಕೊಡ್ತೀನಿ.”

ಮುರ್ತಿನಿ ಗಂಟು ಇಟ್ಟಳು. ಹೋಗಲಿಲ್ಲ. ಬೆನ್ನ ಹಿಂದೆ ಬಾಗಿಲನ್ನು ಮುಚ್ಚಿದಳು.

“ಅಜ್ಜ, ಸಾಕಿರನ್ ಮಂಗಳವಾರ ಪಹಿಂಗ್ ದಿನ ಗದ್ದೆ ಮಾರಿದ್ರಾ?”

ನವಣೆ ನೆಲದ ಮೇಲೆ ಚೆಲ್ಲಿತು.

“ಯಾವ ಸಾಕಿರನ್?”

“ಶುಕ್ರವಾರ ಶುಕ್ರವಾರ ಯಾರ ಗೋರಿ ಮುಂದೆ ಮಂಡಿ ಊರ್ತೀರೋ, ಆ ಸಾಕಿರನ್.”

“ನೀನು ಲಾಂಡ್ರಿ ಹುಡುಗಿ ಅಲ್ವಾ? ಯಾರ ಗೋರಿ, ಏನು ಮಾತು ಇದು? ತಲೆ ಸರಿ ಇದ್ಯಾ?”

“ನಿಮ್ಮ ಲುಂಗಿ ತೊಳಿಯೋಳು ನಾನು. ಕೆಂಪು ಮಣ್ಣು ಬಿಡಿಸೋಕೆ ಎರಡು ಸಲ ಸೋಪು ಹಾಕ್ಬೇಕು. ಯಾವ ಮೂಲೆ ಮಣ್ಣು ಅಂತ ನನಗೆ ಗೊತ್ತಿಲ್ವಾ?”

ದಾರ್ಮಾಜಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ. ಹಣೆ, ಮೂಗು, ಗಲ್ಲ. ಅವನ ಕೈ ಕುರ್ಚಿಯ ಬೆನ್ನನ್ನು ಹುಡುಕಿತು.

“ನಿನ್ನ ಹೆಸರೇನು?”

“ಹೆಸರು ಮುರ್ತಿನಿ. ನೀವು ಕಾಗದದಲ್ಲಿ ‘ವಾರಸುದಾರರು ಇಲ್ಲ’ ಅಂತ ಬರೆದ್ರಲ್ಲ, ಆ ವಾರಸುದಾರಳು ನಾನು.”

ಅವನು ಕೂತ. ಪಂಜರದ ಹಕ್ಕಿ ಎರಡು ಸಲ ಕೂಗಿತು. ಕೊನೆಗೆ ಮುದುಕ, “ಯಾರು ನೋಡಿದ್ರು ಆ ತಾರೀಖನ್ನ?” ಎಂದು ಕೇಳಿದ. ದನಿಯಲ್ಲಿ ಭಯವಿತ್ತು. ಭಯದ ಜೊತೆ ಇನ್ನೇನೋ ಇತ್ತು, ಹೊರೆ ಇಳಿಸುವವರ ದನಿಯಲ್ಲಿರುವಂಥದ್ದು.

“ನಾನು ನೋಡಿದೆ.”

“ಹನ್ನೊಂದು ವರ್ಷ... ಹನ್ನೊಂದು ವರ್ಷ ಆ ಕಾಗದ ಊರೆಲ್ಲ ಸುತ್ತಿತು ಮಗಾ. ಬ್ಯಾಂಕಿನವರು ನೋಡಿದ್ರು, ಸರ್ಕಾರದವರು ನೋಡಿದ್ರು. ಒಬ್ರೂ ಎಣಿಸಿ ನೋಡ್ಲಿಲ್ಲ.” ಅವನು ಅಂಗೈಯಿಂದ ಬಾಯಿ ಒರೆಸಿಕೊಂಡ. “ಆ ತಾರೀಖು ಹಾಕಿದ್ದು ನಾನೇ. ಬೇಕೂಂತ್ಲೇ ಹಾಕ್ದೆ.”

“ಬೇಕೂಂತ?”

“ನಿನ್ನ ಅಜ್ಜಿ ಸತ್ತ ಸಾವಿರನೇ ದಿನದ ಊಟಕ್ಕೆ ನಿಮ್ಮನೆ ಚಾಪೆ ಮೇಲೆ ಕೂತು ತಿಂದಿದ್ದೆ. ಅವಳು ಹೋಗಿದ್ದು ಮಂಗಳವಾರ ಪಹಿಂಗ್ ಅಂತ ಹಳ್ಳೀಲಿ ಎಲ್ಲರಿಗೂ ಗೊತ್ತಿತ್ತು. ಆ ದಿನ ಸಾಕಿರನ್ ಮನೆಗೆ ಸಾಲ ಕೇಳೋಕೂ ಯಾರೂ ಹೋಗ್ತಿರಲಿಲ್ಲ. ಹರ್ಯಾದಿ ಬಂದು, ಸಾಯೋಕೆ ಮುಂಚಿನ ಯಾವುದಾದ್ರೂ ಒಂದು ದಿನ ಹಾಕು ಅಂದ. ಹಾಕ್ದೆ. ಬಲ್ಲವರು ಯಾರಾದ್ರೂ ನೋಡ್ಲಿ, ಇದು ಸುಳ್ಳು ಅಂತ ಕೂಗ್ಲಿ ಅಂದ್ಕೊಂಡೆ.”

“ಕೂಗೋಕೆ ನಿಮ್ಮ ಬಾಯಲ್ಲಿ ನಾಲಿಗೆ ಇರಲಿಲ್ವಾ?”

“ನಾಲಿಗೆ ಇತ್ತು,” ಎಂದ ಮುದುಕ. “ಈ ಮನೇನೂ ಇತ್ತು.”

ಮುರ್ತಿನಿ ಸುತ್ತ ನೋಡಿದಳು. ಬಿಳಿ ಟೈಲ್ಸ್, ಹೊಸ ಸೂರು, ಗೋಡೆಯ ಮೇಲೆ ಹರ್ಯಾದಿಯ ಜೊತೆ ತೆಗೆಸಿಕೊಂಡ ಹಬ್ಬದ ಫೋಟೋ. ಅಪ್ಪ ಸತ್ತ ವರ್ಷ ಅವಳೂ ಅಮ್ಮನೂ ಪೊನೊರೊಗೊದಲ್ಲಿ ಯಾರದೋ ಹಂದರದ ಕೆಳಗೆ ಮಳೆಗಾಲ ಕಳೆದಿದ್ದರು. ಅಮ್ಮ ಕೆಮ್ಮಿ ಕೆಮ್ಮಿ ಹೋದದ್ದು ಅಲ್ಲೇ.

ಪಂಜರವನ್ನು ಕಿತ್ತು ಆ ಫೋಟೋಗೆ ಬೀಸಬೇಕೆನಿಸಿತು. ಮುದುಕನ ಅಂಗಿಯ ಕಾಲರು ಹಿಡಿದು ಬೀದಿಗೆ ಎಳೆಯಬೇಕೆನಿಸಿತು. ಅವಳು ಎರಡನ್ನೂ ಮಾಡಲಿಲ್ಲ. ಮುದುಕನೊಬ್ಬನಿಗೆ ಹೊಡೆದು ಹಗುರಾಗಿ ಹೋಗಲು ಅವಳು ಎರಡು ವರ್ಷ ಕಾದಿರಲಿಲ್ಲ.

“ಅಜ್ಜ, ನಾಲ್ಕು ಗಂಟೆಗೆ ನೀವು ಬಂದು ಇದನ್ನೇ ಹೇಳ್ಬೇಕು. ಹದಿನೆಂಟು ಮನೆಯವರ ಎದುರಿಗೆ.”

“ಹೇಳಿದ್ರೆ ನಂಬ್ತಾರಾ? ಮುದುಕನಿಗೆ ಅರುಳುಮರುಳು ಅಂತಾನೆ. ಎಲ್ಲರೂ ನಗ್ತಾರೆ. ಅವನು ನಗಿಸೋದ್ರಲ್ಲಿ ಗಟ್ಟಿಗ.”

“ಹಾಗಾದ್ರೆ ಮೂಲ ಕಾಗದ ಕೊಡಿ. ಅವನ ಹತ್ರ ಇರೋದು ಜೆರಾಕ್ಸು. ಮೂಲ ಇದ್ದಿದ್ರೆ ಅದನ್ನೇ ತೋರಿಸಿ ಮೆರೀತಿದ್ದ.”

ದಾರ್ಮಾಜಿ ಬೆಚ್ಚಿ ನೋಡಿದ. “ಬಟ್ಟೆ ತೊಳಿಯೋಳಿಗೆ ಇಷ್ಟೆಲ್ಲ ಯಾರು ಹೇಳಿಕೊಟ್ರು?”

“ಜೇಬುಗಳು. ಚೀಟಿ ಬಿಟ್ಟೇ ತೊಳಿಯೋಕೆ ಹಾಕ್ತಾರೆ.”

ಅವನು ಎದ್ದು ಅಡುಗೆಮನೆಗೆ ಹೋದ. ಅಕ್ಕಿಯ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿ ಪ್ಲಾಸ್ಟಿಕ್ ಚೀಲವೊಂದನ್ನು ಎಳೆದ. ಅಕ್ಕಿಕಾಳು ಉದುರಿದವು.

“ಹಳ್ಳಿ ಕಚೇರಿ ಮುಚ್ಚಿದ ದಿನ ತಂದಿಟ್ಕೊಂಡೆ. ಇದು ನನ್ನ ಹತ್ರ ಇರೋವರೆಗೂ ಅವನು ನನ್ನನ್ನ ಇಲ್ಲಿಂದ ಎಬ್ಬಿಸಲ್ಲ. ನಿನಗೆ ಕೊಟ್ರೆ...”

“ಕೊಡಿ.”

ಅವಳು ದನಿ ಏರಿಸಿರಲಿಲ್ಲ. ಮುದುಕ ಕೊಟ್ಟ.

ಹಳದಿಗಟ್ಟಿದ ಹಾಳೆ. ಮೇಲೆಲ್ಲ ದಾರ್ಮಾಜಿಯ ಗುಮಾಸ್ತ ಅಕ್ಷರ, ಕಪ್ಪು ಶಾಯಿ. ಕೆಳಗೆ ಸಹಿ ಮಾತ್ರ ನೀಲಿ. ಇದು ಸಾಕು, ಅಂದುಕೊಂಡಳು. ಇದನ್ನು ಹರ್ಯಾದಿಯ ಮೈಕಿನ ಮುಂದೆ ಹಿಡಿದರೆ ಅವನ ಹದಿನಾಲ್ಕು ಅಂಗಿಗಳಲ್ಲಿ ಒಂದೂ ಅವನನ್ನು ಮುಚ್ಚಲಾರದು.

“ಕಳ್ಳಸಹಿ ಹಾಕಿದ್ದು ಅವನೇನಾ?”

“ನಾನು ನೋಡಿಲ್ಲ ಮಗಾ. ಶುಕ್ರವಾರ ನಿಮ್ಮಪ್ಪನ್ನ ಮಣ್ಣು ಮಾಡಿ ಬಂದು ಕೈಕಾಲು ತೊಳ್ಕೊಳ್ತಿದ್ದೆ. ಆಗ್ಲೇ ಹಾಳೆ ತಂದ. ಮೇಲೆ ಪೂರ್ತಿ ಖಾಲಿ, ಕೆಳಗೆ ಸಹಿ ಮೊದಲೇ ಇತ್ತು. ನಾನು ಮೇಲಿನದ್ದು ತುಂಬಿಸ್ದೆ, ಅಷ್ಟೇ.”

ಮುರ್ತಿನಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಅಪ್ಪನ ಸಹಿಯೇ. ಉದ್ದ ಬಾಲದ ಎಸ್. ನಡುವೆ ಒತ್ತಿ ಬರೆದ ಕೆ. ಆ ಕೆ ಅಕ್ಷರದ ಕಾಲು ಕೆಳಗಿಳಿದು ಬಳ್ಳಿಯ ಹಾಗೆ ಸುತ್ತಿಕೊಂಡು ಹೆಸರಿನಡಿ ಗೆರೆಯಾಗಿ ಓಡಿತ್ತು.

ಅಪ್ಪ ಎಂದೂ ಬಳ್ಳಿ ಸುತ್ತುತ್ತಿರಲಿಲ್ಲ.

ಅಪ್ಪನಿಗೆ ಪೆನ್ನು ಹಿಡಿಯುವುದೆಂದರೆ ಆಗುತ್ತಿರಲಿಲ್ಲ. ಕೆಸರಲ್ಲಿ ಬಿರಿದ ಬೆರಳು ಕಾಗದಕ್ಕೆ ರಕ್ತ ಹಚ್ಚುತ್ತಿತ್ತು. ಶಾಲೆಯಿಂದ ಚೀಟಿ ಬಂದರೆ, “ನನ್ನ ಹೆಸರು ನೀನೇ ಗೀಚು ಮಗಳೇ, ನಿನ್ನ ಕೈಗೇ ಚೆನ್ನಾಗಿ ಬರುತ್ತೆ,” ಎನ್ನುತ್ತಿದ್ದ. ಹದಿಮೂರು ವರ್ಷದ ಹುಡುಗಿ ಗೀಚುತ್ತಿದ್ದಳು. ಚಂದ ಕಾಣಲೆಂದು ಕೆ ಅಕ್ಷರಕ್ಕೆ ಒಂದು ಬಳ್ಳಿ ಸುತ್ತುತ್ತಿದ್ದಳು.

ಅದು ಅವಳದೇ ಸಹಿ.

ಶಾಲೆಯ ಕಚೇರಿ. ಮಧ್ಯಾಹ್ನ. ಎತ್ತರದ ಸ್ಟೂಲು, ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ‘ಬಡ ಮಕ್ಕಳಿಗೆ ಬಿಟ್ಟಿ ಶೂ ಬಂದಿದೆ. ಅಪ್ಪನ ಸಹಿ ಇವತ್ತೇ ಬೇಕು. ಅವನನ್ನ ಗದ್ದೆಯಿಂದ ಎಲ್ಲಿ ಕರ್ಕೊಂಡ್ಬರ್ತೀಯಾ, ನೀನೇ ಹಾಕು. ಮೇಲಿನದು ಆಮೇಲೆ ಟೈಪ್ ಮಾಡ್ಕೊಳ್ತೀನಿ. ನಿನ್ನ ಕಾಲಿನ ಅಳತೆ ಎಷ್ಟು?’

ಮೂವತ್ತಾರು, ಎಂದಿದ್ದಳು ಅವಳು.

ಆ ಶೂ ಬರಲೇ ಇಲ್ಲ. ಅದು ಗುರುವಾರ. ಶುಕ್ರವಾರ ಅಪ್ಪ ಹೋದ. ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

“ಏನಾಯ್ತು?” ಎಂದ ದಾರ್ಮಾಜಿ.

ಹರ್ಯಾದಿಯನ್ನು ಮುಗಿಸುವ ಕಾಗದ ಇದೊಂದೇ. ಸಹಿ ಯಾರದು ಎಂದು ಪೊಲೀಸರು ಮೊದಲು ಕೇಳುತ್ತಾರೆ. ಸಾಕಿರನ್‌ನ ಮಗಳದು. ಹರ್ಯಾದಿ ಆಗ ಎರಡೂ ಕೈ ಚಾಚಿ, ನೋಡಿ, ಮುಟ್ಟಿ, ಮೂಸಿ ಎನ್ನುತ್ತಾನೆ.

ಅದಕ್ಕಿಂತ ಹೆಚ್ಚು ಸುಟ್ಟದ್ದು ಇನ್ನೊಂದು. ಆ ಕಚೇರಿಯ ಮೇಜಿನ ಆಚೆ ಕೂತು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟವಳು ಬೂ ವಿನಾರ್ಸಿ.

ಬಾಗಿಲು ತೆರೆದುಕೊಂಡಿತು.

“ಇಲ್ಲೇ ಇದ್ದೀಯಾ,” ಎಂದಳು ಬೂ ವಿನಾರ್ಸಿ. ಬಿಸಿಲಿಗೆ ಹಿಡಿದಿದ್ದ ಕೊಡೆಯನ್ನು ಮಡಿಸುವುದನ್ನೂ ಮರೆತು ಒಳಗೆ ಬಂದಳು. ಮುರ್ತಿನಿಯ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ಅದೇನೆಂದು ಕೇಳಲಿಲ್ಲ.

“ಮೂವತ್ತಾರು,” ಎಂದಳು ಮುರ್ತಿನಿ.

“ಏನು?”

“ನನ್ನ ಕಾಲಿನ ಅಳತೆ. ಬರ್ಕೊಂಡಿದ್ರಲ್ಲ ಬೂ, ಮರೆತುಹೋಯ್ತಾ?”

ಬೂ ವಿನಾರ್ಸಿಯ ಕೊಡೆ ನೆಲಕ್ಕೆ ಬಿತ್ತು. ಅವಳು ಮುರ್ತಿನಿಯನ್ನು ದಾಟಿ ಒಳಗೋಡೆಗೆ ಒರಗಿಕೊಂಡಳು. ದಪ್ಪ ಮುಖ ಒಮ್ಮೆಲೇ ಸಡಿಲವಾಯಿತು.

“ಹರ್ಯಾದಿ ನೀರಿನ ಅಳತೆಗೆ ಬೇಕು ಅಂದ ಮಗಳೇ. ಕಾಲುವೆ ಸಂಘದ್ದು, ನಿಮ್ಮಪ್ಪ ಹಠ ಮಾಡ್ತಿದ್ದಾನೆ, ಸಹಿ ಒಂದು ಸಿಕ್ಕಿದ್ರೆ ಸಾಕು ಅಂದ. ಗೇಟ್ ಹತ್ರ ಅಂಗಡಿ ಜಾಗ ಕೊಡ್ತೀನಿ ಅಂದ. ಗದ್ದೆ ಹೋಗುತ್ತೆ ಅಂತ ನನ್ನಾಣೆ ಗೊತ್ತಿರಲಿಲ್ಲ.”

“ಅದಕ್ಕೇನಾ ಒಂದು ಮಾತೂ ಕೇಳದೆ ಚಾಪೆ ಹಾಸಿಕೊಟ್ಟಿದ್ದು? ಎರಡು ವರ್ಷ ಅನ್ನ ಹಾಕಿದ್ದು?”

“ಇನ್ನೇನು ಮಾಡ್ಲಿ? ಬೇರೆ ಯಾವ ರೀತಿ ತೀರಿಸ್ಲಿ ಹೇಳು?”

“ತೀರ್ಸೋದಾ? ಅನ್ನದಲ್ಲಿ?” ಮುರ್ತಿನಿಯ ದನಿ ಆಗಲೂ ಏರಲಿಲ್ಲ. ಅದು ತೆಳ್ಳಗಾಯಿತು, ಅಷ್ಟೆ. “ನಾಲ್ಕು ಗಂಟೆಗೆ ನನ್ನ ಜೊತೆ ಬನ್ನಿ. ಶೂ ತೋರಿಸಿ ಸಹಿ ಹಾಕಿಸ್ಕೊಂಡೆ ಅಂತ ಮೈಕಲ್ಲಿ ಹೇಳಿ. ಅವನ ಹೆಸರೂ ಹೇಳಿ, ನಿಮ್ಮ ಹೆಸರೂ ಹೇಳಿ. ನಿಮ್ಮ ಅಂಗಡಿ ಮುಂದೆ ನಾಳೆಯಿಂದ ಯಾರೂ ಬಟ್ಟೆ ಇಡಬಾರದು. ನಿಮ್ಮ ಮುಖ ಕಂಡ್ರೆ ಬೂ ಯಾತ್ಮಿ ಕೂಡ ಗಾಡಿ ತಿರುಗಿಸ್ಕೊಂಡು ಹೋಗ್ಬೇಕು. ಅಷ್ಟಾದ್ರೆ ತೀರಿತು ಅಂತ ಅಂದ್ಕೊಳ್ತೀನಿ.”

ಬೂ ವಿನಾರ್ಸಿ ಬಿದ್ದ ಕೊಡೆಯನ್ನು ಎತ್ತಿ ಮಡಿಸಿದಳು.

“ಬರ್ತೀನಿ,” ಎಂದಳು ಆಮೇಲೆ. “ಅಷ್ಟು ಹೇಳಿದ್ರೆ ಅವನು ತಪ್ಪಿಸ್ಕೊಳ್ತಾನೆ. ಸಾಕಿರನ್ ಸತ್ತಿದ್ದನ್ನೂ ಹೇಳ್ಬೇಕು.” ಅವಳು ತಲೆವಸ್ತ್ರದಿಂದ ಕಣ್ಣು ಒತ್ತಿಕೊಂಡಳು. “ಗುರುವಾರ ಮನೆಗೆ ಹೋಗಿ ಅಪ್ಪನಿಗೆ ಸಹಿ ವಿಷಯ ಹೇಳಿದ್ಯಾ ನೀನು?”

ಹೇಳಿದ್ದಳು. ಹೊಸ ಶೂ ಬರುತ್ತದೆಂದು ಅಂಗಳದಿಂದಲೇ ಕೂಗಿಕೊಂಡು ಹೋಗಿದ್ದಳು. ಅಪ್ಪ ಅನ್ನದ ತಟ್ಟೆ ಕೆಳಗಿಟ್ಟು ಎದ್ದಿದ್ದ. ಗದ್ದೆಗೆ ನೀರು ತಿರುಗಿಸಲು ಹೋದನೆಂದು ಅವಳು ಹನ್ನೊಂದು ವರ್ಷದಿಂದ ನಂಬಿದ್ದಳು.

“ಅದನ್ನ ಕೇಳೋಕೇ ಅವನು ನಮ್ಮನೆಗೆ ಬಂದ,” ಎಂದಳು ಬೂ ವಿನಾರ್ಸಿ. “ಮಗಳ ಕೈಯಲ್ಲಿ ಏನು ಬರೆಸ್ಕೊಂಡೆ, ಹಾಳೆ ಕೊಡು ಅಂದ. ಬೈಲಿಲ್ಲ, ಕೂಗ್ಲಿಲ್ಲ. ಹಾಳೆ ನನ್ನ ಕೈ ಬಿಟ್ಟು ಹೋಗಿತ್ತು. ಯಾರ ಹತ್ರ ಇದೆ, ಕರ್ಕೊಂಡು ಹೋಗಿ ತೋರಿಸ್ತೀನಿ ಬಾ ಅಂತ ಅವನನ್ನ ಕಾಲುವೆ ದಾರೀಲಿ ಕರ್ಕೊಂಡು ಹೋದ್ರು.”

“ಯಾರು? ಹರ್ಯಾದಿನಾ?”

“ಹರ್ಯಾದಿ ಆ ದಿನ ಊರಲ್ಲೇ ಇರಲಿಲ್ಲ ಮುರ್ತಿನಿ. ಸುರಬಾಯಕ್ಕೆ ಹೋಗಿದ್ದ. ಹಾಳೆ ಅವನ ಕೈಗೆ ಹೋಗಿದ್ದೇ ಮಾರನೇ ದಿನ. ಗುರುವಾರ ಅದನ್ನ ನನ್ನ ಹತ್ರ ಇಸ್ಕೊಂಡವರು...”

ಅವಳ ನೋಟ ಮುರ್ತಿನಿಯನ್ನು ದಾಟಿ ಹಿಂದಕ್ಕೆ ಹೋಗಿತ್ತು.

ಹಿಂದೆ ಅಗುಳಿ ಜಾರಿ ಕೂತ ಸದ್ದಾಯಿತು.

ದಾರ್ಮಾಜಿ ಮುಂಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಅಳುತ್ತಿದ್ದನೋ ಬೆವರುತ್ತಿದ್ದನೋ ತಿಳಿಯುವಂತಿರಲಿಲ್ಲ. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಅವಳ ಕಡೆಗೆ ಚಾಚಿತ್ತು.

“ಕಾಗದ ವಾಪಸ್ ಕೊಡು ಮಗಾ,” ಎಂದ. “ನಿಮ್ಮಪ್ಪನಿಗೂ ಆ ದಿನ ಕಾಲುವೆ ಹತ್ರ, ಹಾಳೆ ವಿಷಯ ಬಿಟ್ಬಿಡು ಅಂತ ನಾನು ಹೀಗೇ, ಸಮಾಧಾನವಾಗೇ ಕೇಳ್ಕೊಂಡಿದ್ದೆ.”